ಇದ್ದ ಗೋಡೆಗಳೊಳಗೆ ಹೊಸ ಅಡುಗೆಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಮನೆ ಕಟ್ಟುವುದಷ್ಟೇ ಅಲ್ಲ, ಕಟ್ಟಿದ ಮನೆಯ ಒಂದು ಕೋಣೆಯನ್ನು ತಿದ್ದುವುದೂ ಸುಲಭವಲ್ಲ ಎಂಬುದು ಆ ಕೆಲಸಕ್ಕೆ ಕೈಹಾಕಿದವರಿಗೆ ಗೊತ್ತು. ಅದರಲ್ಲೂ ಅಡುಗೆಮನೆಯ ಕೆಲಸ ಹೆಚ್ಚು ತೊಡಕಿನದು. ನೀರು, ಬೆಂಕಿ, ವಿದ್ಯುತ್ತು, ಹೊಗೆ, ದವಸಧಾನ್ಯ ಇವೆಲ್ಲವೂ ಒಂದೇ ಚಿಕ್ಕ ಕೋಣೆಯಲ್ಲಿ ಸೇರಿರುತ್ತವೆ. ಒಂದನ್ನು ಕದಲಿಸಿದರೆ ಇನ್ನೊಂದಕ್ಕೆ ತೊಂದರೆಯಾಗುತ್ತದೆ.

ಸಾಮಾನ್ಯವಾಗಿ ಈ ಕೆಲಸ ಹೇಗೆ ನಡೆಯುತ್ತದೆ? ಮನೆಯವರ ಕೈಯಲ್ಲಿ ಸ್ವಲ್ಪ ಹಣ ಕೂಡಿಬರುತ್ತದೆ. ಎಲ್ಲರೂ ಅಂಗಡಿಗೆ ಹೋಗಿ ಮೊದಲು ಟೈಲ್ಸ್ ಆರಿಸುತ್ತಾರೆ. ಅರ್ಧದಷ್ಟು ಹಣ ಅಲ್ಲಿಯೇ ಮುಗಿಯುತ್ತದೆ. ಕೆಲಸ ಮುಗಿದಾಗ ಗೋಡೆಗಳು ಹೊಳೆಯುತ್ತವೆ. ಆದರೆ ಅಮ್ಮ ಮಾತ್ರ ಮೊದಲಿನಂತೆಯೇ ಭುಜ ಎತ್ತಿಕೊಂಡು ಸಾರು ಕದಡುತ್ತಾರೆ, ತಮ್ಮದೇ ನೆರಳು ಬೀಳುವ ಜಾಗದಲ್ಲಿ ತರಕಾರಿ ಹೆಚ್ಚುತ್ತಾರೆ, ಒಗ್ಗರಣೆಯ ಹೊಗೆಗೆ ಕೆಮ್ಮುತ್ತಾರೆ. ಹಣ ಖರ್ಚಾಯಿತು, ಕಷ್ಟ ಹಾಗೆಯೇ ಉಳಿಯಿತು.

ಪ್ರಿಯ ವಿದ್ಯಾರ್ಥಿಗಳೇ, ಹೀಗಾಗದಂತೆ ಮಾಡುವುದು ಹೇಗೆ? ಗೋಡೆಗಳನ್ನು ಒಡೆಯದೆ, ಕೋಣೆಯನ್ನು ಹಿಗ್ಗಿಸದೆ, ಇರುವ ಹಣದಲ್ಲಿಯೇ ಅಡುಗೆಮನೆಯನ್ನು ಹೇಗೆ ಸರಿಪಡಿಸಬಹುದು? ಇದಕ್ಕೆ ಬೇಕಾದ ಗಣಿತ ಮತ್ತು ವಿಜ್ಞಾನವನ್ನು ನೀವು ಶಾಲೆಯಲ್ಲಿಯೇ ಕಲಿತಿದ್ದೀರಿ. ಅದನ್ನು ಮನೆಯ ಕೋಣೆಯೊಂದಕ್ಕೆ ಅನ್ವಯಿಸುವುದು ಹೇಗೆಂಬುದನ್ನು ನೋಡೋಣ.

ಒಂದು ಮಾದರಿ ಮನೆ

ಲೆಕ್ಕಕ್ಕಾಗಿ ಒಂದು ಅಡುಗೆಮನೆಯನ್ನು ಕಲ್ಪಿಸಿಕೊಳ್ಳೋಣ. ಅದರ ಉದ್ದ 10 ಅಡಿ, ಅಗಲ 8 ಅಡಿ, ಎತ್ತರ 10 ಅಡಿ. ಒಂದು ಉದ್ದದ ಗೋಡೆಯಲ್ಲಿ ಕಿಟಕಿಯಿದೆ, ಅದರ ಕೆಳಗೆ ಪಾತ್ರೆ ತೊಳೆಯುವ ಸಿಂಕು ಇದೆ. ಒಂದು ಅಗಲದ ಗೋಡೆಯ ಆಚೆಗೆ ಹಿತ್ತಲು. ಗ್ಯಾಸ್ ಒಲೆ ಇರುವುದು ಸಿಂಕಿನಿಂದ 8 ಅಡಿ ದೂರದಲ್ಲಿ, ಎದುರು ಮೂಲೆಯಲ್ಲಿ. ಅದು ಅಲ್ಲಿಯೇ ಏಕೆ ಇದೆ? ಹಿಂದೆ ಆ ಮೂಲೆಯಲ್ಲಿ ಸೌದೆ ಒಲೆ ಇತ್ತು, ಅದರ ಮೇಲೆ ಹೊಗೆಗೂಡು ಇತ್ತು. ಗ್ಯಾಸ್ ಬಂದಾಗ ಸೌದೆ ಒಲೆಯನ್ನು ತೆಗೆದು, ಅದೇ ಜಾಗದಲ್ಲಿ ಕಟ್ಟೆ ಕಟ್ಟಿ ಹೊಸ ಒಲೆಯನ್ನು ಇಟ್ಟರು. ಒಲೆ ಬದಲಾಯಿತು, ಅದರ ಜಾಗದ ಬಗ್ಗೆ ಯಾರೂ ಯೋಚಿಸಲಿಲ್ಲ. ನಮ್ಮ ಊರುಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

80 ಚದರ ಅಡಿ ಎಂದರೆ ಇಕ್ಕಟ್ಟು ಎಂದು ನಿಮಗೆ ಅನ್ನಿಸಬಹುದು. ಆದರೆ ಜಗತ್ತಿನ ಅತ್ಯಂತ ಪ್ರಸಿದ್ಧ ಅಡುಗೆಮನೆ ಇದಕ್ಕಿಂತಲೂ ಚಿಕ್ಕದಾಗಿತ್ತು. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿ ಬಡಾವಣೆಗಳಿಗಾಗಿ ಒಂದು ಅಡುಗೆಮನೆಯನ್ನು ವಿನ್ಯಾಸಗೊಳಿಸಿದರು. ಅದರ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಗುಣಿಸಿದರೆ ಸುಮಾರು 6.5 ಚದರ ಮೀಟರ್, ಅಂದರೆ 70 ಚದರ ಅಡಿ. ರೈಲಿನ ಊಟದ ಬೋಗಿಯ ಚಿಕ್ಕ ಅಡುಗೆಕೋಣೆಯಲ್ಲಿ ಅಷ್ಟೊಂದು ಜನರಿಗೆ ಅಡುಗೆ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಅವರು ಅಧ್ಯಯನ ಮಾಡಿದ್ದರು. ಅಡುಗೆ ಮಾಡುವವರು ದಿನಕ್ಕೆ ಎಷ್ಟು ನಡೆಯುತ್ತಾರೆ, ಎಲ್ಲಿ ಬಗ್ಗುತ್ತಾರೆ, ಯಾವ ವಸ್ತುವಿಗೆ ಕೈಚಾಚುತ್ತಾರೆ ಎಂಬುದನ್ನು ಮೊದಲು ಗಮನಿಸಿ, ಆಮೇಲೆ ನಕ್ಷೆ ಬರೆದರು. ಅಂಥ ಸುಮಾರು 10,000 ಅಡುಗೆಮನೆಗಳನ್ನು ಕಟ್ಟಲಾಯಿತು. ಜಾಗ ಎಷ್ಟಿದೆ ಎಂಬುದಕ್ಕಿಂತ ಅದನ್ನು ಹೇಗೆ ಬಳಸುತ್ತೇವೆ ಎಂಬುದು ಮುಖ್ಯ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಅಳತೆ ಮತ್ತು ನೂಲಿನ ನಕ್ಷೆ

ಕೆಲಸದ ಮೊದಲ ಹೆಜ್ಜೆಗೆ ಹಣ ಬೇಕಿಲ್ಲ. ಒಂದು ಅಳತೆ ಟೇಪು, ಒಂದು ಗ್ರಾಫ್ ಕಾಗದ, ಪೆನ್ಸಿಲ್ಲು ಸಾಕು. ಗೋಡೆಗಳ ಉದ್ದಗಲ, ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ, ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ನಲ್ಲಿ ಮತ್ತು ಸ್ವಿಚ್ಚುಗಳು ಎಲ್ಲಿವೆ ಎಂಬುದನ್ನೆಲ್ಲ ಗುರುತು ಮಾಡಿ. ಒಂದು ಅಡಿಗೆ ಒಂದು ಸೆಂಟಿಮೀಟರ್ ಎಂಬ ಪ್ರಮಾಣ ಇಟ್ಟುಕೊಂಡರೆ ನಮ್ಮ ಮಾದರಿ ಕೋಣೆ ನೋಟ್‌ಪುಸ್ತಕದ ಒಂದೇ ಪುಟದಲ್ಲಿ ಹಿಡಿಸುತ್ತದೆ.

ಆಮೇಲೆ ಆ ನಕ್ಷೆಯನ್ನು ರಟ್ಟಿನ ಮೇಲೆ ಅಂಟಿಸಿ, ಸಿಂಕು, ಒಲೆ, ಫ್ರಿಜ್ಜು, ಅಕ್ಕಿ ಡಬ್ಬಿ ಇವುಗಳ ಜಾಗದಲ್ಲಿ ಒಂದೊಂದು ಗುಂಡುಸೂಜಿ ಚುಚ್ಚಿ. ಬೆಳಗಿನ ಅಡುಗೆಯ ಹೊತ್ತಿನಲ್ಲಿ ಒಂದು ಮೂಲೆಯಲ್ಲಿ ಕುಳಿತು, ಅಡುಗೆ ಮಾಡುವವರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದನ್ನು ಬರೆದುಕೊಳ್ಳಿ. ಪ್ರತಿ ಓಡಾಟಕ್ಕೂ ಒಂದು ಸೂಜಿಯಿಂದ ಇನ್ನೊಂದಕ್ಕೆ ನೂಲನ್ನು ಎಳೆಯುತ್ತಾ ಹೋಗಿ. ಅರ್ಧ ಗಂಟೆಯಲ್ಲಿ ನೂಲು ಎಲ್ಲಿ ದಟ್ಟವಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕಾರ್ಖಾನೆಗಳಲ್ಲಿ ಕೆಲಸಗಾರರ ಓಡಾಟವನ್ನು ಅಧ್ಯಯನ ಮಾಡುವವರು ಬಳಸುವ ವಿಧಾನ ಇದೇ.

ನಮ್ಮ ಮಾದರಿ ಮನೆಯಲ್ಲಿ ಸಿಂಕು ಮತ್ತು ಒಲೆಯ ನಡುವೆ ದಿನಕ್ಕೆ 60 ಬಾರಿ ಓಡಾಟ ನಡೆಯುತ್ತದೆ ಎನ್ನೋಣ. 8 ಅಡಿಯಂತೆ 480 ಅಡಿ ಆಯಿತು. ಆ ಅಂತರವನ್ನು 4.5 ಅಡಿಗೆ ಇಳಿಸಿದರೆ 270 ಅಡಿ ಮಾತ್ರ. ದಿನಕ್ಕೆ 210 ಅಡಿ ಉಳಿತಾಯ. ವರ್ಷಕ್ಕೆ 76,650 ಅಡಿ, ಅಂದರೆ 23 ಕಿಲೋಮೀಟರಿಗಿಂತ ಹೆಚ್ಚು. ಅದೂ ಬರಿಗೈ ನಡಿಗೆಯಲ್ಲ, ನೀರು ತುಂಬಿದ ಪಾತ್ರೆ ಹಿಡಿದು ನಡೆಯುವ ನಡಿಗೆ.

ಸಿಂಕು, ಒಲೆ, ಫ್ರಿಜ್ಜು ಈ ಮೂರನ್ನು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಇದರ ಒಂದೊಂದು ಬಾಹು 4ರಿಂದ 9 ಅಡಿಯೊಳಗೆ, ಮೂರೂ ಬಾಹುಗಳ ಮೊತ್ತ 13ರಿಂದ 26 ಅಡಿಯೊಳಗೆ ಇರಬೇಕೆಂಬುದು ವಿನ್ಯಾಸಕಾರರು ಅನುಸರಿಸುವ ನಿಯಮ. ನಮ್ಮ ಕೋಣೆಯಲ್ಲಿ ಒಲೆಯನ್ನು ಹಿತ್ತಲಿನ ಗೋಡೆಗೆ, ಫ್ರಿಜ್ಜನ್ನು ಅದರ ಎದುರಿನ ಗೋಡೆಗೆ ಇಟ್ಟರೆ ಬಾಹುಗಳು ಸುಮಾರು 4.5, 6 ಮತ್ತು 8 ಅಡಿಯಾಗುತ್ತವೆ. ಮೊತ್ತ 18.5 ಅಡಿ. ಒಂದು ಗೋಡೆಯನ್ನೂ ಒಡೆಯದೆ ನಿಯಮದೊಳಗೆ ಬಂದೆವು.

ಯಾವುದನ್ನು ಕದಲಿಸಬಾರದು?

ಒಲೆಯನ್ನು ಕದಲಿಸುವ ಬದಲು ಸಿಂಕನ್ನೇ ಒಲೆಯ ಹತ್ತಿರಕ್ಕೆ ತರಬಾರದೇಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನೀರಿನ ಸ್ವಭಾವದಲ್ಲಿದೆ. ನಲ್ಲಿಯ ನೀರು ಒತ್ತಡದಿಂದ ಬರುವುದರಿಂದ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬಳಸಿದ ನೀರು ಹಾಗಲ್ಲ, ಅದು ಇಳಿಜಾರಿನಿಂದ ಮಾತ್ರ ಹರಿಯಬೇಕು. 40 ಅಂಗುಲಕ್ಕೆ 1 ಅಂಗುಲ ಇಳಿಜಾರು ಕೊಡಬೇಕಾದರೆ, ಸಿಂಕನ್ನು 10 ಅಡಿ ದೂರ ಸರಿಸಿದಾಗ ಕೊಳವೆ 3 ಅಂಗುಲ ಇಳಿಯಬೇಕು. ಅದಕ್ಕಾಗಿ ನೆಲವನ್ನು ಅಗೆಯಬೇಕು, ಇಲ್ಲವೇ ಗೋಡೆಗೆ ಹೊಸ ರಂಧ್ರ ಕೊರೆಯಬೇಕು. ಇಳಿಜಾರು ಸಾಲದಿದ್ದರೆ ಅನ್ನದ ಅಗುಳು, ಜಿಡ್ಡು ಕಟ್ಟಿಕೊಂಡು ನೀರು ನಿಲ್ಲುತ್ತದೆ. ಆದ್ದರಿಂದ ಹಣ ಕಡಿಮೆಯಿರುವಾಗ ಸಿಂಕು ಇದ್ದಲ್ಲಿಯೇ ಇರಲಿ. ಗ್ಯಾಸ್ ಒಲೆಯನ್ನು ಕದಲಿಸಲು ಹೆಚ್ಚು ಖರ್ಚಿಲ್ಲ.

ಆದರೆ ಒಲೆಯ ಜೊತೆಗೆ ಸಿಲಿಂಡರೂ ಬರಬೇಕು. ಒಲೆಗೆ ಅನಿಲ ತರುವ ರಬ್ಬರ್ ಕೊಳವೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು. ಒಳಗೆ ತಂತಿ ಹೆಣೆದ ಸುರಕ್ಷಾ ಕೊಳವೆಯನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರ್ ಯಾವಾಗಲೂ ನೆಲದ ಮೇಲೆ ನೇರವಾಗಿ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರಿನ ಗೂಡಿಗೆ ಅಂದಕ್ಕಾಗಿ ಬಾಗಿಲು ಹಾಕುವವರು ಆ ಬಾಗಿಲಿನ ಬುಡದಲ್ಲಿ ಗಾಳಿಕಿಂಡಿಗಳನ್ನು ಬಿಡಲೇಬೇಕು. ಒಲೆಯನ್ನು ಕಿಟಕಿಯ ನೇರಕ್ಕೆ ಇಡುವುದೂ ತರವಲ್ಲ. ಬೀಸುಗಾಳಿಗೆ ಉರಿ ಆರಿ, ಅನಿಲ ಮಾತ್ರ ಹೊರಬರುತ್ತಿರಬಹುದು.

ಕಟ್ಟೆಯ ಎತ್ತರ ಯಾರ ಅಳತೆಗೆ?

ಅಡುಗೆಕಟ್ಟೆಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ಗಾರೆ ಕೆಲಸದವರನ್ನು ಕೇಳಿದರೆ, ಅವರು ರೂಢಿಯ ಒಂದು ಅಳತೆ ಹೇಳುತ್ತಾರೆ. ಆದರೆ ಕಟ್ಟೆಯ ಮುಂದೆ ದಿನವೂ ನಿಲ್ಲುವವರು ಅವರಲ್ಲ. ಅಡುಗೆ ಮಾಡುವವರನ್ನು ನೇರವಾಗಿ ನಿಲ್ಲಿಸಿ, ಮೊಣಕೈಯನ್ನು ಮಡಿಸಲು ಹೇಳಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 4 ಅಂಗುಲ ಕಳೆದರೆ ಬರುವುದು ತರಕಾರಿ ಹೆಚ್ಚುವ, ಹಿಟ್ಟು ನಾದುವ ಕಟ್ಟೆಯ ಎತ್ತರ.

ಮಾದರಿ ಮನೆಯ ಅಮ್ಮನ ಮೊಣಕೈ 37 ಅಂಗುಲ ಎತ್ತರದಲ್ಲಿದೆ. ಹಾಗಾದರೆ ಕಟ್ಟೆ 33 ಅಂಗುಲವಿರಬೇಕು. ಆದರೆ ಈಗಿರುವ ಕಟ್ಟೆ 36 ಅಂಗುಲ. ಅದರ ಮೇಲೆ 5 ಅಂಗುಲದ ಒಲೆ, ಒಲೆಯ ಮೇಲೆ 7 ಅಂಗುಲದ ಪಾತ್ರೆ. ಕೂಡಿಸಿದರೆ ಪಾತ್ರೆಯ ಬಾಯಿ 48 ಅಂಗುಲ ಎತ್ತರದಲ್ಲಿ, ಮೊಣಕೈಗಿಂತ 11 ಅಂಗುಲ ಮೇಲಿದೆ. ಅಮ್ಮ ಭುಜ ಎತ್ತಿಕೊಂಡು ಕದಡುವುದು ಇದಕ್ಕೇ. ಸಂಜೆ ಭುಜ ನೋಯುತ್ತದೆ ಎಂದರೆ ವಯಸ್ಸಾಯಿತು ಎನ್ನುತ್ತೇವೆ. ಆದರೆ ತಪ್ಪು ಕಟ್ಟೆಯಲ್ಲಿರಬಹುದು.

ಇದಕ್ಕೆ ಪರಿಹಾರ ಸರಳ. ಕಿಟಕಿಯ ಕಡೆಯ ಉದ್ದ ಕಟ್ಟೆಯನ್ನು 33 ಅಂಗುಲಕ್ಕೂ, ಹಿತ್ತಲಿನ ಗೋಡೆಯ ಒಲೆಕಟ್ಟೆಯನ್ನು 29 ಅಂಗುಲಕ್ಕೂ ಕಟ್ಟುವುದು. ಆಗ ಪಾತ್ರೆಯ ಬಾಯಿ 41 ಅಂಗುಲಕ್ಕೆ ಇಳಿಯುತ್ತದೆ. ಮೊದಲೇ ಹೇಳಿದರೆ ಎರಡು ಎತ್ತರಕ್ಕೆ ಕಟ್ಟುವುದರಿಂದ ಖರ್ಚೇನೂ ಹೆಚ್ಚಾಗುವುದಿಲ್ಲ. ಕಟ್ಟಿದ ಮೇಲೆ ಹೇಳಿದರೆ ಒಡೆಯಬೇಕಾಗುತ್ತದೆ.

ಗಾಳಿ ಮತ್ತು ಬೆಳಕು

ಅಡುಗೆಮನೆಯ ಹೊಗೆಯನ್ನು ನಾವು ಲಘುವಾಗಿ ಕಾಣುತ್ತೇವೆ. ಸೌದೆ, ಬೆರಣಿ, ಸೀಮೆಎಣ್ಣೆ ಮುಂತಾದವುಗಳಿಂದ ಅಡುಗೆ ಮಾಡುವಾಗ ಮನೆಯೊಳಗೆ ತುಂಬುವ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದನ್ನು ತಡೆಯುವ ಪ್ರಯತ್ನ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ರೂಪಿಸಿದ 'ಅಸ್ತ್ರ ಒಲೆ'ಯಲ್ಲಿ ಒಂದೇ ಉರಿಯ ಮೇಲೆ ಮೂರು ಪಾತ್ರೆಗಳನ್ನು ಇಡಬಹುದು, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಸೌದೆಯೂ ಉಳಿಯುತ್ತದೆ. ಈಗಲೂ ಸೌದೆ ಬಳಸುವ ಮನೆಯಲ್ಲಿ ಟೈಲ್ಸ್‌ಗಿಂತ ಮೊದಲು ಮಾಡಬೇಕಾದ ಕೆಲಸ ಹೊಗೆ ಕೊಳವೆಯುಳ್ಳ ಒಲೆ.

ಗ್ಯಾಸ್ ಇರುವ ಮನೆಯಲ್ಲಿಯೂ ಎಣ್ಣೆಯ ಹೊಗೆ, ಒಗ್ಗರಣೆಯ ಘಾಟು ಇದ್ದೇ ಇರುತ್ತದೆ. ಹೊಗೆ ಎಳೆಯುವ ಫ್ಯಾನು ಎಷ್ಟು ದೊಡ್ಡದಿರಬೇಕು? ನಮ್ಮ ಕೋಣೆಯ ಗಾತ್ರ 10 × 8 × 10, ಅಂದರೆ 800 ಘನ ಅಡಿ. ಗಂಟೆಗೆ 15 ಬಾರಿ ಗಾಳಿ ಬದಲಾಗಬೇಕೆಂದು ಇಟ್ಟುಕೊಂಡರೆ 12,000 ಘನ ಅಡಿ, ನಿಮಿಷಕ್ಕೆ 200 ಘನ ಅಡಿ. ಅಂಗಡಿಯಲ್ಲಿ ಫ್ಯಾನಿನ ಪೆಟ್ಟಿಗೆಯ ಮೇಲೆ ಈ ಸಂಖ್ಯೆಯನ್ನು ನೋಡಿ ಕೊಳ್ಳಬಹುದು. ಫ್ಯಾನು ಒಲೆಯ ಮೇಲ್ಭಾಗದಲ್ಲಿರಲಿ. ಅದು ಹೊರಗೆ ತಳ್ಳಿದಷ್ಟು ಗಾಳಿ ಒಳಗೆ ಬರಬೇಕಲ್ಲವೇ? ಆದ್ದರಿಂದ ಫ್ಯಾನು ತಿರುಗುವಾಗ ಎದುರಿನ ಬಾಗಿಲೋ ಕಿಟಕಿಯೋ ತೆರೆದಿರಬೇಕು.

ಬೆಳಕಿನ ವಿಷಯದಲ್ಲಿ ನಮ್ಮ ಹಿರಿಯರು ಬೆಳಕಿಂಡಿಗಳನ್ನು ಬಿಡುತ್ತಿದ್ದರು. ಮಂಗಳೂರು ಹೆಂಚಿನ ಮನೆಗಳಲ್ಲಿ ಇನ್ನೂ ಸುಲಭದ ದಾರಿಯಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚುಗಳೆಲ್ಲ ಒಂದೇ ಅಚ್ಚಿನವು. ಆದ್ದರಿಂದ ಒಂದು ಹೆಂಚನ್ನು ತೆಗೆದು ಅದೇ ಆಕಾರದ ಗಾಜಿನ ಹೆಂಚನ್ನು ಕೂರಿಸಿದರೆ ಹಗಲೆಲ್ಲ ಬೆಳಕು. ತಾರಸಿ ಮನೆಯಲ್ಲಿ, ನಡುಚಾವಣಿಯ ದೀಪ ಬೆನ್ನ ಹಿಂದಿರುವುದರಿಂದ ನಮ್ಮ ನೆರಳೇ ಕಟ್ಟೆಯ ಮೇಲೆ ಬೀಳುತ್ತದೆ. ಕಟ್ಟೆಯ ಮೇಲಿನ ಹಲಗೆಯ ಅಡಿಗೆ ಒಂದು ಚಿಕ್ಕ ಎಲ್‌ಇಡಿ ಕೊಳವೆ ದೀಪ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಕಲ್ಲು ಮತ್ತು ವಿದ್ಯುತ್ತು

ಹಳೆಯ ಕಟ್ಟೆಗಳಿಗೆ ಹೆಚ್ಚಾಗಿ ಕಡಪ ಕಲ್ಲು ಹಾಕಿರುತ್ತಾರೆ. ಅದು ಸುಣ್ಣದ ಕಲ್ಲಿನ ಜಾತಿಯದು. ಸುಣ್ಣದ ಕಲ್ಲಿನ ಮೇಲೆ ಆಮ್ಲ ಬಿದ್ದರೆ ಏನಾಗುತ್ತದೆಂದು ನೀವು ಪ್ರಯೋಗಶಾಲೆಯಲ್ಲಿ ನೋಡಿದ್ದೀರಿ. ಹುಣಸೆರಸ, ನಿಂಬೆರಸ, ಮೊಸರು ಇವುಗಳಲ್ಲಿಯೂ ಆಮ್ಲವಿದೆ. ಅದರಿಂದ ಆ ಕಲ್ಲಿನ ಹೊಳಪು ಹೋಗಿ ಕಲೆಗಳು ನಿಲ್ಲುತ್ತವೆ. ಗ್ರಾನೈಟಿಗೆ ಈ ತೊಂದರೆ ಇಲ್ಲ. ಹಾಗೆಂದು ಹಳೆಯ ಕಲ್ಲನ್ನು ಎಸೆಯಬೇಕಾಗಿಲ್ಲ. ಜೋಪಾನವಾಗಿ ಬಿಡಿಸಿದರೆ ಕಟ್ಟೆಯ ಕೆಳಗೆ ಪಾತ್ರೆ, ಡಬ್ಬಿ ಇಡುವ ಅರೆಗಳಿಗೆ ಅದೇ ಸಾಕು.

ವಿದ್ಯುತ್ತಿನ ಲೆಕ್ಕವೂ ಇಷ್ಟೇ ಮುಖ್ಯ. 2,000 ವ್ಯಾಟಿನ ಇಂಡಕ್ಷನ್ ಒಲೆಗೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ತು ಬೇಕು. ಮಿಕ್ಸಿಗೆಂದು ಹಾಕಿದ 6 ಆಂಪಿಯರಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ತಂತಿ ಬಿಸಿಯಾಗುತ್ತದೆ. ಅದಕ್ಕೆ ತಕ್ಕ ತಂತಿಯ, ಭೂಸಂಪರ್ಕವಿರುವ 16 ಆಂಪಿಯರಿನ ಸಾಕೆಟ್ ಬೇಕು. ಇಂದು ಇಂಡಕ್ಷನ್ ಒಲೆ ಇಲ್ಲದಿದ್ದರೂ ಗೋಡೆ ಮುಚ್ಚುವ ಮೊದಲೇ ಇದಕ್ಕೆ ತಂತಿ ಎಳೆಸಿಡುವುದು ಜಾಣತನ. ಸಾಕೆಟ್ಟುಗಳು ಸಿಂಕಿನಿಂದ ದೂರವಿರಲಿ.

ಹಣ ಹಂಚುವ ಕ್ರಮ

ಈಗ ಹಣದ ವಿಷಯ. ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ ಎನ್ನೋಣ. ಊರಿನಿಂದ ಊರಿಗೆ ದರಗಳು ಬೇರೆಯಾಗುತ್ತವೆ, ಆದರೆ ಹಂಚುವ ಕ್ರಮ ಒಂದೇ. ಮೊದಲು 10,000 ರೂಪಾಯಿಯನ್ನು ಅನಿರೀಕ್ಷಿತ ಖರ್ಚಿಗೆಂದು ತೆಗೆದಿಡಿ. ಹಳೆಯ ಗೋಡೆಯನ್ನು ಕೊರೆದಾಗ ತುಕ್ಕು ಹಿಡಿದ ಕೊಳವೆ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಆಮೇಲೆ ಗೋಡೆಯೊಳಗೆ ಅಡಗುವ ನೀರಿನ ಕೊಳವೆ, ವಿದ್ಯುತ್ ತಂತಿಗಳಿಗೆ 25,000. ಕಟ್ಟೆ ಮತ್ತು ಕಲ್ಲಿಗೆ 25,000. ಫ್ಯಾನು, ದೀಪ, ಕಿಟಕಿಗೆ 10,000. ಅರೆ, ಕಪಾಟುಗಳಿಗೆ 15,000. ಟೈಲ್ಸ್ ಮತ್ತು ಬಣ್ಣಕ್ಕೆ ಉಳಿದ 15,000. ಅಂಗಡಿಯಲ್ಲಿ ಮೊದಲು ಆರಿಸುತ್ತಿದ್ದ ಟೈಲ್ಸ್ ಇಲ್ಲಿ ಕೊನೆಗೆ ಬಂದಿದೆ ಎಂಬುದನ್ನು ಗಮನಿಸಿ. ಗೋಡೆಯೊಳಗಿನದನ್ನು ಮತ್ತೆ ಸರಿಪಡಿಸಬೇಕಾದರೆ ಎಲ್ಲವನ್ನೂ ಒಡೆಯಬೇಕು. ಕಪಾಟಿನ ಬಾಗಿಲನ್ನು ಮುಂದಿನ ವರ್ಷವೂ ಹಾಕಿಸಬಹುದು.

ಟೈಲ್ಸ್‌ನಲ್ಲಿ ಎಷ್ಟು ಉಳಿಸಬಹುದೆಂದು ನೋಡಿ. ನಾಲ್ಕೂ ಗೋಡೆಗಳಿಗೆ 7 ಅಡಿ ಎತ್ತರ ಹಾಕಿದರೆ, ಸುತ್ತಳತೆ 36 ಅಡಿಯಾದ್ದರಿಂದ 252 ಚದರ ಅಡಿ ಬೇಕು. ನೀರು, ಎಣ್ಣೆ ಸಿಡಿಯುವುದು ಕಟ್ಟೆಯ ಹಿಂದೆ ಮಾತ್ರ. ನಮ್ಮ ಕಟ್ಟೆ ಕಿಟಕಿಯ ಕಡೆ 10 ಅಡಿ, ಹಿತ್ತಲ ಕಡೆ 6 ಅಡಿ ಗೋಡೆಗೆ ತಾಗುತ್ತದೆ. 16 ಅಡಿ ಉದ್ದಕ್ಕೆ 2 ಅಡಿ ಎತ್ತರವೆಂದರೆ 32 ಚದರ ಅಡಿ. ಒಡೆದುಹೋಗುವುದಕ್ಕೆಂದು ಹತ್ತನೇ ಒಂದು ಭಾಗ ಸೇರಿಸಿದರೂ 35 ಚದರ ಅಡಿ ಸಾಕು. ಉಳಿದ ಗೋಡೆಗೆ ತೊಳೆಯಬಹುದಾದ ಬಣ್ಣ ಬಳಿದರಾಯಿತು.

ಕನಿಷ್ಠ ಇಬ್ಬರು ಮೂವರಿಂದ ದರ ಬರೆಸಿಕೊಳ್ಳಿ. ಸಾಮಾನು ಯಾರದು, ಕೂಲಿ ಎಷ್ಟು, ಒಡೆದ ಮಣ್ಣನ್ನು ಸಾಗಿಸುವವರು ಯಾರು ಎಂಬುದು ಕಾಗದದ ಮೇಲಿರಲಿ. ಹಣವನ್ನು ಕೆಲಸ ಮುಗಿದ ಹಂತಕ್ಕೆ ತಕ್ಕಂತೆ ಕೊಡಿ. ಕೊಳವೆ ಕೂರಿಸಿದ ಮೇಲೆ ಒಂದು ದಿನ ನೀರು ತುಂಬಿಸಿ, ಸೋರುವುದಿಲ್ಲವೆಂದು ಖಾತ್ರಿಯಾದ ಅನಂತರವೇ ಗಾರೆ ಹಚ್ಚಿಸಿ. ಮುಚ್ಚುವ ಮೊದಲು ಗೋಡೆಯ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ, ಮುಂದೆ ಮೊಳೆ ಹೊಡೆಯುವಾಗ ಕೊಳವೆ ಎಲ್ಲಿದೆಯೆಂದು ತಿಳಿಯುತ್ತದೆ. ಸಿಮೆಂಟಿನ ಕೆಲಸಕ್ಕೆ ಕನಿಷ್ಠ ಒಂದು ವಾರ ನೀರುಣಿಸಬೇಕು. ಆ ದಿನಗಳಲ್ಲಿ ಅಡುಗೆ ಎಲ್ಲಿ ಎಂಬುದನ್ನೂ ಮೊದಲೇ ಯೋಚಿಸಿ. ನಿಮ್ಮ ಪರೀಕ್ಷೆಯ ಕಾಲದಲ್ಲಿ ಈ ಕೆಲಸ ಬೇಡ.

ಮೊದಲು ಕೇಳಬೇಕಾದವರು

ಫ್ರಾಂಕ್‌ಫರ್ಟಿನ ಅಡುಗೆಮನೆಗೂ ಟೀಕೆಗಳು ಬಂದವು. ಅದು ಒಬ್ಬರು ಮಾತ್ರ ಕೆಲಸ ಮಾಡುವಷ್ಟು ಜಾಗ, ಇಬ್ಬರು ಸೇರಿದರೆ ಇಕ್ಕಟ್ಟು, ಗೃಹಿಣಿ ಒಂಟಿಯಾಗುತ್ತಾಳೆ ಎಂದರು. ನಮ್ಮ ಮನೆಗಳಲ್ಲಿ ಅಡುಗೆಮನೆ ಮಾತುಕತೆಯ ಜಾಗವೂ ಹೌದು. ಅಜ್ಜಿ ನೆಲದ ಮೇಲೆ ಕುಳಿತು ಈಳಿಗೆಮಣೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿರುತ್ತಾರೆ, ಮಕ್ಕಳು ದೋಸೆಗೆ ಕಾಯುತ್ತಿರುತ್ತಾರೆ. ಆದ್ದರಿಂದಲೇ ಮಾದರಿ ಮನೆಯಲ್ಲಿ ಎರಡು ಬದಿಗೆ ಮಾತ್ರ ಕಟ್ಟೆ ಇಟ್ಟು, ಹಳೆಯ ಒಲೆಯ ಮೂಲೆಯನ್ನು ಖಾಲಿ ಬಿಟ್ಟೆವು. ಅಲ್ಲಿ ಕಪಾಟು ಕೂರಿಸಿದರೆ ಡಬ್ಬಿಗಳಿಗೆ ಜಾಗವಾಗುತ್ತದೆ, ಆದರೆ ಅಜ್ಜಿಗೆ ಕೂರಲು ಜಾಗವಿರುವುದಿಲ್ಲ. ಯಾವುದು ಬೇಕೆಂಬುದನ್ನು ಆ ಮನೆಯವರೇ ತೀರ್ಮಾನಿಸಬೇಕು. ಅದನ್ನು ಟೇಪು ಹೇಳಲಾರದು.

ಹಣ ಕೊಡುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಅಲ್ಲಿ ದಿನಕ್ಕೆ ನಾಲ್ಕೈದು ಗಂಟೆ ನಿಲ್ಲುವವರನ್ನು ಕೇಳುವುದು ಮಾತ್ರ ಎಷ್ಟೋ ಸಲ ಮರೆತುಹೋಗುತ್ತದೆ. ನಿಮ್ಮ ಮನೆಯಲ್ಲಿ ಈಗ ಅಡುಗೆಮನೆಯನ್ನು ಬದಲಿಸುವ ಯೋಚನೆ ಇಲ್ಲದಿರಬಹುದು. ಆದರೂ ಈ ಭಾನುವಾರ ಟೇಪು ಹಿಡಿದು ಅಡುಗೆಮನೆಗೆ ಹೋಗಿ. ಹುಡುಗರೂ ಹೋಗಿ. ಕಟ್ಟೆಯ ಎತ್ತರ, ಅಮ್ಮನ ಮೊಣಕೈಯ ಎತ್ತರ ಎರಡನ್ನೂ ಅಳೆದು ಬರೆದುಕೊಳ್ಳಿ. ಇಲ್ಲಿ ನಿಮಗೆ ಯಾವುದು ಕಷ್ಟ ಎಂದು ಒಂದು ಮಾತು ಕೇಳಿ. ಬರುವ ಉತ್ತರಕ್ಕೆ ಪರಿಹಾರ ಒಂದು ದೀಪವನ್ನು ಸರಿಸುವುದರಲ್ಲಿಯೋ, ಅಕ್ಕಿ ಡಬ್ಬಿಯ ಜಾಗ ಬದಲಿಸುವುದರಲ್ಲಿಯೋ ಇದ್ದರೆ, ಅದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ. ಅಂದೇ ಮಾಡಿ ಮುಗಿಸಬಹುದು.